ನೆಲಕ್ಕೆ ಕಾಲಿಡದ ವಾರ್ಡು

2004ರ ಫೆಬ್ರವರಿ, ಒಂದು ಗುರುವಾರ. ಬೆಳಗ್ಗೆ ಹತ್ತೂವರೆಯ ಹೊತ್ತಿಗೆ ಹಲಸೂರು ಪೊಲೀಸ್ ಠಾಣೆಯ ಮುಂದೆ ಎರಡು ಆಟೋ ಮತ್ತು ಒಂದು ಗೂಡ್ಸ್ ಟೆಂಪೋ ಬಂದು ನಿಂತವು. ಇಳಿದ ಜನ ಇಪ್ಪತ್ತಕ್ಕೆ ಕಡಿಮೆಯಿರಲಿಲ್ಲ. ಎಲ್ಲರೂ ಶಿವಾಜಿನಗರದವರು, ರಸೆಲ್ ಮಾರ್ಕೆಟ್ ಸುತ್ತಮುತ್ತ ಅಂಗಡಿ ಇಟ್ಟುಕೊಂಡವರು. ಗಂಡಸರೆಲ್ಲ ಗೇಟಿನ ಬಳಿಯೇ ನಿಂತರು. ಒಳಗೆ ಬಂದದ್ದು ಒಬ್ಬ ಹೆಂಗಸು, ಬುರ್ಖಾದ ಮುಸುಕನ್ನು ಹಿಂದಕ್ಕೆ ಸರಿಸಿಕೊಂಡು.

ಹೆಸರು ಬದ್ರುನ್ನೀಸಾ. ಗಂಡ ನಜೀರ್, ಕಟ್‌ಪೀಸ್ ಬಟ್ಟೆಯ ವ್ಯಾಪಾರಿ. ಹತ್ತು ದಿನದ ಹಿಂದೆ ಹಳೆ ಮದ್ರಾಸು ರಸ್ತೆಯಲ್ಲಿ ಅವನ ಸ್ಕೂಟರಿಗೆ ಟೆಂಪೋ ಗುದ್ದಿ ತೊಡೆಯ ಮೂಳೆ ಮುರಿದಿತ್ತು. ಹಲಸೂರು ಕೆರೆಯ ಹಿಂದಿನ ಖಾಸಗಿ ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿ ಮೂಳೆಯೊಳಗೆ ರಾಡ್ ಹಾಕಿದ್ದರು. ನಿನ್ನೆ ಸಂಜೆ ನರ್ಸ್ ಒಬ್ಬಳು ಬಂದು ಹೊಟ್ಟೆಗೆ ಸೂಜಿ ಚುಚ್ಚಿದಳು. ಅರ್ಧ ಗಂಟೆಯೊಳಗೆ ನಜೀರ್ ಎದೆ ಹಿಡಿದುಕೊಂಡ, ಉಸಿರಿಗೆ ಒದ್ದಾಡಿದ, ತೀರಿಕೊಂಡ.

ಇಷ್ಟನ್ನೂ ಆಕೆ ಅಳದೆ ಹೇಳಿದಳು. ಕೊನೆಗೆ ಕೇಳಿದ್ದು ಒಂದೇ ಪ್ರಶ್ನೆ.

"ಮುರಿದಿದ್ದು ಕಾಲು ಮೇಡಂ. ಕಾಲು ಮುರಿದವರು ಉಸಿರು ನಿಂತು ಸಾಯ್ತಾರಾ?"

ಇನ್ಸ್‌ಪೆಕ್ಟರ್ ವಿಮಲಾಕ್ಷಿ ಗೊತ್ತಿಲ್ಲ ಎಂದರು. ದಾವಣಗೆರೆ ಕಡೆಯ ಹೆಂಗಸು, ಹದಿನೈದು ವರ್ಷದ ಸರ್ವೀಸು. ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎಂದು ಹೇಳುವುದು ಅವರ ರೂಢಿ. ಗೊತ್ತಾದ ದಿನ ತಾವೇ ಮನೆಗೆ ಬಂದು ಹೇಳುವುದಾಗಿ ಮಾತು ಕೊಟ್ಟು ದೂರು ಬರೆಸಿಕೊಂಡರು.

ಹೊರಗೆ ನಿಂತವರಿಗೆ ಬೇಕಾಗಿದ್ದದ್ದು ಬೇರೆ. ಎಫ್‌ಐಆರ್‌ನಲ್ಲಿ ನರ್ಸಿನ ಹೆಸರು ಬರಬೇಕು, ಇವತ್ತೇ ಅವಳನ್ನು ಎಳೆದು ತರಬೇಕು. ವಿಮಲಾಕ್ಷಿ ನಿರ್ಲಕ್ಷ್ಯದ ಸಾವಿಗೆ ಹಾಕುವ ಭಾರತೀಯ ದಂಡ ಸಂಹಿತೆಯ 304(ಎ) ಹಾಕಿ, ಆರೋಪಿಯ ಜಾಗದಲ್ಲಿ 'ಆಸ್ಪತ್ರೆಯ ಸಂಬಂಧಪಟ್ಟ ಸಿಬ್ಬಂದಿ' ಎಂದು ಬರೆಸಿದರು. ಗೊಣಗಾಟ ಎದ್ದಾಗ ಮೆಟ್ಟಿಲಿಗೆ ಬಂದು ನಿಂತು, ಹೆಸರು ಬರೆಯೋದು ಸುಲಭ, ಅಳಿಸೋದು ಕಷ್ಟ, ಎರಡು ದಿನ ಕೊಡಿ ಎಂದರು. ಕಾನ್‌ಸ್ಟೇಬಲ್ ಅಹ್ಮದ್ ಪಾಷಾ ಅದನ್ನೇ ದಖ್ನಿಯಲ್ಲಿ ಇನ್ನಷ್ಟು ಮೆದುವಾಗಿ ಹೇಳಿ, ಇಳಿಹೊತ್ತಿನ ಅಸರ್ ನಮಾಜಿನ ಹೊತ್ತಿಗೆ ಮಣ್ಣು ಮಾಡಲು ಮಯ್ಯತ್ ಕೈಗೆ ಸಿಗುವ ಹಾಗೆ ನೋಡಿಕೊಳ್ಳುತ್ತೇನೆಂದು ಜವಾಬ್ದಾರಿ ಹೊತ್ತ. ಅಪಘಾತದ ಕೇಸಾದ್ದರಿಂದ ಶವ ಆಗಲೇ ಬೌರಿಂಗ್ ಆಸ್ಪತ್ರೆಯ ಶವಾಗಾರ ಸೇರಿತ್ತು. ಜನ ಕರಗಿದರು, ಆದರೆ ತೀರ ದೂರ ಹೋಗಲಿಲ್ಲ.

ಹನ್ನೆರಡು ಗಂಟೆಗೆ ವಿಮಲಾಕ್ಷಿ, ಹೆಡ್ ಕಾನ್‌ಸ್ಟೇಬಲ್ ಪಿಳ್ಳಪ್ಪ ಮತ್ತು ಪಾಷಾ ಆಸ್ಪತ್ರೆಯ ಮೊದಲನೇ ಮಹಡಿಗೆ ಹತ್ತಿದರು. ಅಪಘಾತದ ಉದ್ದನೆಯ ವಾರ್ಡು. ಕಿಟಕಿ ಪಕ್ಕದ ನಜೀರನ ಮಂಚ ಖಾಲಿಯಿತ್ತು. ಇಬ್ಬರು ಪಂಚರ ಸಮಕ್ಷಮದಲ್ಲಿ ಬಳಸಿದ ಸಿರಿಂಜು, ಅದೇ ಪೆಟ್ಟಿಗೆಯಲ್ಲಿ ಉಳಿದ ಇಂಜೆಕ್ಷನ್ನುಗಳು, ನೀರಿನ ಬಾಟಲಿ ಎಲ್ಲವನ್ನೂ ವಶಕ್ಕೆ ತೆಗೆದುಕೊಂಡು ಪಂಚನಾಮೆ ಬರೆದರು. ಹಾಸಿಗೆ ಎತ್ತಿದಾಗ ಅದರಡಿ ಒಂದು ಜೊತೆ ಉದ್ದನೆಯ ಬಿಳಿ ಕಾಲುಚೀಲ ಸಿಕ್ಕಿತು. ತೊಡೆಯವರೆಗೆ ಬರುವಷ್ಟು ಉದ್ದ, ಎಳೆದರೆ ಬೆರಳು ನೋಯುವಷ್ಟು ಬಿಗಿ. ಒಂದೇ ಒಂದು ದಿನವೂ ತೊಟ್ಟ ಗುರುತಿರಲಿಲ್ಲ.

ಆಡಳಿತದವರು ಅಷ್ಟರಲ್ಲೇ ನರ್ಸ್ ಮಾರಿಯಾಳನ್ನು ಅಮಾನತು ಮಾಡಿ ಆಗಿತ್ತು. ತಲೆಗೆ ಬಂದದ್ದು ಪೇಟಕ್ಕೆ ಹೋದರೆ ಸಾಕು ಎನ್ನುವ ಜನ, ಆ ಪೇಟ ಇನ್ನೊಬ್ಬರದಾದರಂತೂ ಯೋಚನೆಯೇ ಇಲ್ಲ. ಮಾರಿಯಾ ಕೆ.ಆರ್. ಪುರದವಳು, ಆರು ವರ್ಷದಿಂದ ಇದೇ ವಾರ್ಡಿನಲ್ಲಿದ್ದಳು. ಡ್ರೆಸ್ಸಿಂಗ್ ರೂಮಿನ ಸ್ಟೂಲಿನ ಮೇಲೆ ಕೈ ಕಟ್ಟಿ ಕುಳಿತಿದ್ದಳು.

"ಯಾವ ಇಂಜೆಕ್ಷನ್?" ವಿಮಲಾಕ್ಷಿ ಕೇಳಿದರು.

"ರಕ್ತ ಹೆಪ್ಪುಗಟ್ಟಬಾರ್ದು ಅಂತ ಕೊಡೋದು ಮೇಡಂ. ದಿನಾ ಸಂಜೆ ಒಂದು."

"ಕಾಲು ಮುರಿದವರಿಗೆ ಹೊಟ್ಟೆಗೆ ಯಾಕೆ?"

"ಹೊಟ್ಟೆ ಚರ್ಮದ ಕೆಳಗೆ ಹಾಕಿದ್ರೆ ಮೆಲ್ಲಗೆ ರಕ್ತಕ್ಕೆ ಇಳಿಯುತ್ತೆ."

"ಒಂದು ದಿನಾನಾದ್ರೂ ತಪ್ಪಿಸಿದ್ದೀರಾ?"

"ಇಲ್ಲ ಮೇಡಂ. ನನ್ನ ರಜಾದಲ್ಲೂ ಇನ್ನೊಬ್ರು ಹಾಕಿದಾರೆ."

"ಮತ್ತೆ ಅವರು ಸತ್ತದ್ದು ಹೇಗೆ?"

ಮಾರಿಯಾ ತಲೆಯೆತ್ತಿ ನೋಡಿದಳು. "ಅದನ್ನೇ ನಾನೂ ನಿನ್ನೆಯಿಂದ ಕೇಳ್ಕೊತಾ ಇದೀನಿ ಮೇಡಂ," ಎಂದಳು.

ಹೊರಗೆ ಬಂದ ಮೇಲೆ ಪಿಳ್ಳಪ್ಪ, ಈ ಹುಡುಗಿ ಸುಳ್ಳು ಹೇಳುತ್ತಿಲ್ಲ ಎಂದ. ಮೂವತ್ತು ವರ್ಷ ಸುಳ್ಳು ಕೇಳಿಸಿಕೊಂಡ ಕಿವಿ ಅವನದು. ಆದರೆ ಕಿವಿಯನ್ನು ಪಂಚನಾಮೆಯಲ್ಲಿ ಬರೆಯುವಂತಿಲ್ಲ. ಅಂಗಡಿ ಬೀದಿಯ ಆ ಜನ ಸಂಜೆಯೊಳಗೆ ಮತ್ತೆ ಠಾಣೆಗೆ ಬರುತ್ತಾರೆ, ಆಗ ಕೈಯಲ್ಲಿ ಏನಾದರೂ ಇರಲೇಬೇಕಿತ್ತು. ಇಲ್ಲದಿದ್ದರೆ ಮೇಲಿನಿಂದ ಫೋನು ಬಂದು ಈ ಹುಡುಗಿಯನ್ನು ಬಂಧಿಸಲೇಬೇಕಾಗುತ್ತಿತ್ತು.

ಕೈಗೆ ಬಂದದ್ದು ಬೌರಿಂಗಿನಲ್ಲಿ, ಮೂರು ಗಂಟೆಗೆ. ಮರಣೋತ್ತರ ಪರೀಕ್ಷೆ ಮಾಡಿದ ವೈದ್ಯರು ಕೈ ತೊಳೆದುಕೊಂಡು ಬಂದು ವರಾಂಡದಲ್ಲೇ ವಿವರಿಸಿದರು. ನಜೀರನ ಶ್ವಾಸಕೋಶಕ್ಕೆ ಹೋಗುವ ದೊಡ್ಡ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತದ ಗಡ್ಡೆ ಸಿಕ್ಕಿಕೊಂಡಿತ್ತು. ಅದು ಅಲ್ಲಿ ಹುಟ್ಟಿದ್ದಲ್ಲ. ಮುರಿದ ಕಾಲಿನ ಒಳರಕ್ತನಾಳದಲ್ಲಿ ದಿನಗಟ್ಟಲೆ ಬೆಳೆದು, ಅಲ್ಲಿಂದ ಕಳಚಿಕೊಂಡು ಮೇಲಕ್ಕೆ ಹೋಗಿತ್ತು. ಹೊಟ್ಟೆಯ ಚರ್ಮದ ಮೇಲೆ ಸೂಜಿಯ ಹಳೆಯ ಹೊಸ ನೀಲಿ ಕಲೆಗಳು ಸಾಲಾಗಿದ್ದವು, ಅಂದರೆ ಇಂಜೆಕ್ಷನ್ ದಿನವೂ ಬಿದ್ದಿತ್ತು. ಔಷಧಿ ಅಸಲಿಯೋ ನಕಲಿಯೋ ಎಂಬುದನ್ನು ಪ್ರಯೋಗಾಲಯ ಹೇಳಬೇಕು. ಆದರೆ ಅಂಥ ನೀಲಿ ಕಲೆ ರಕ್ತ ತೆಳುವಾಗಿಸುವ ಔಷಧಿಗೆ ಏಳುವಂಥದ್ದು, ಬರೀ ನೀರು ಚುಚ್ಚಿದರೆ ಏಳುವಂಥದ್ದಲ್ಲ ಎಂದು ಅವರಿಗೆ ಅನ್ನಿಸಿತ್ತು.

"ಇಂಜೆಕ್ಷನ್ ಕೊಟ್ಟೂ ಹೆಪ್ಪುಗಟ್ಟಿದ್ದು ಯಾಕೆ ಡಾಕ್ಟ್ರೇ?"

"ಕೊಟ್ಟೂ ಕಟ್ಟಬಹುದು. ದೊಡ್ಡ ಪೆಟ್ಟು ಬಿದ್ದ ಮೈಯಲ್ಲಿ ರಕ್ತ ತಾನಾಗೇ ಗಟ್ಟಿಯಾಗೋಕೆ ನೋಡುತ್ತೆ. ನೂರಕ್ಕೆ ನೂರು ತಡೀತೀವಿ ಅಂತ ಯಾರೂ ಹೇಳಲ್ಲ. ಆದ್ರೆ ಇಂಜೆಕ್ಷನ್ ಒಂದೇ ಅಲ್ಲ ನೋಡಿ. ಬಿಗಿ ಕಾಲುಚೀಲ ಹಾಕ್ಬೇಕು, ಪಾದ ಆಡಿಸ್ಬೇಕು, ಎರಡನೇ ಮೂರನೇ ದಿನಕ್ಕೆ ಎಬ್ಬಿಸಿ ನಡೆಸ್ಬೇಕು. ಮೀನಖಂಡ ಹಿಂಡಿದ್ರೇನೇ ಕಾಲಿನ ರಕ್ತ ಮೇಲಕ್ಕೆ ಹತ್ತೋದು. ಈತನ ಮೀನಖಂಡ ಒಂದು ವಾರದಿಂದ ಏನೂ ಕೆಲಸ ಮಾಡಿಲ್ಲ ಅನ್ಸುತ್ತೆ. ಬೆನ್ನ ಕೆಳಗೆ ಚರ್ಮ ಕೆಂಪಾಗಿ ಹುಣ್ಣಿಗೆ ಬಂದಿದೆ. ಅಷ್ಟು ಅಲ್ಲಾಡದೆ ಮಲಗಿದ್ದಾನೆ."

ವಿಮಲಾಕ್ಷಿಯವರಿಗೆ ಇದು ಹೊಸ ವಿಷಯ. ಪೆಟ್ಟು ಬಿದ್ದವರು ಮಲಗಿರಬೇಕು, ಮಲಗಿದರೆ ವಾಸಿಯಾಗುತ್ತದೆ ಎಂದು ಅವರೂ ಎಲ್ಲರ ಹಾಗೆ ನಂಬಿದ್ದರು. ಪಿಳ್ಳಪ್ಪ ಮಾತ್ರ ತಲೆದೂಗಿ, ಕೋಣೆಯ ಕೂಸು ಕೊಳೆಯಿತು ಓಣಿಯ ಕೂಸು ಬೆಳೆಯಿತು ಅಂತ ನಮ್ಮಜ್ಜಿ ಹೇಳೋಳು ಎಂದ. ವೈದ್ಯರು ನಕ್ಕು, ಇದನ್ನು ಎಲ್ಲ ವಾರ್ಡಿನ ಗೋಡೆಗೂ ಬರೆಸಬೇಕು ಎಂದರು.

ಸಂಜೆ ವರದಿಯ ಸಾರಾಂಶ ಕೇಳಿದ ಮೇಲೆ ಶಿವಾಜಿನಗರದ ಹಿರಿಯರು ಒಂದಿಷ್ಟು ತಣ್ಣಗಾದರು. ಆದರೂ ಪ್ರಶ್ನೆ ಹಾಗೇ ಇತ್ತು. ನಜೀರ್ ಏಕೆ ಏಳಲಿಲ್ಲ? ಎಬ್ಬಿಸಬೇಕಾದವರು ಎಬ್ಬಿಸದಿದ್ದರೆ ತಪ್ಪು ಮತ್ತೆ ಮಾರಿಯಾಳ ಕೊರಳಿಗೇ ಬರುತ್ತಿತ್ತು.

ಶುಕ್ರವಾರ ಬೆಳಗ್ಗೆ ವಿಮಲಾಕ್ಷಿ ವಾರ್ಡಿಗೆ ಹೋದಾಗ ಫಿಸಿಯೋಥೆರಪಿಯ ವೈಷ್ಣವಿ ವಾಕರ್ ಹಿಡಿದು ಮಂಚದಿಂದ ಮಂಚಕ್ಕೆ ಸುತ್ತುತ್ತಿದ್ದಳು. ಇಪ್ಪತ್ತಾರರ ಹುಡುಗಿ, ಬಾಯಿ ಜೋರು. ನಜೀರನ ಹೆಸರೆತ್ತಿದ ಕೂಡಲೇ ಅವಳಿಗೆ ಸಿಟ್ಟು ಬಂತು. ದಿನವೂ ಕರೆದಿದ್ದಳು, ಬೇಡಿದ್ದಳು, ಬೈದಿದ್ದಳು. ಮೊದಲ ಮೂರು ದಿನ ನಾನು ಯಾವಾಗ ನಡೀಬಹುದು ಎಂದು ಅವನೇ ಕೇಳುತ್ತಿದ್ದನಂತೆ. ಆಮೇಲೆ ಏನಾಯಿತೋ, ಮುಟ್ಟಿದರೆ ನೋವು ಅನ್ನತೊಡಗಿದ. ಕಾಲುಚೀಲ ಬಿಚ್ಚಿ ಹಾಕಿದ.

"ಅವರೊಬ್ರೇನಾ?"

"ಒಬ್ರೇ ಆಗಿದ್ರೆ ಸುಮ್ನಿರ್ತಿದ್ದೆ ಮೇಡಂ. ಅರ್ಧ ವಾರ್ಡು ಹೀಗೇನೇ. ಅದೂ ಈ ಐದಾರು ತಿಂಗಳಿಂದ. ಕಾಲು ನೆಲಕ್ಕಿಡು ಅಂದ್ರೆ ಬೆಂಕಿ ಮೇಲೆ ಇಡು ಅಂದಂಗೆ ಮಾಡ್ತಾರೆ."

"ಉಳಿದ ಅರ್ಧ?"

"ಅವ್ರು ನೋಡಿ, ಓಡಾಡ್ತಾರೆ."

ವಿಮಲಾಕ್ಷಿ ನೋಡಿದರು. ವಾಕರ್ ಹಿಡಿದು ಬಾಗಿಲವರೆಗೆ ಹೋಗಿ ಬರುತ್ತಿದ್ದ ಮುದುಕನನ್ನು ಮಾತಾಡಿಸಿದರು. ಮನೆಯ ಮೆಟ್ಟಿಲಿಂದ ಬಿದ್ದವನು. ಕಂಬಿ ಹಿಡಿದು ನಿಂತಿದ್ದ ಗಾರೆ ಕೆಲಸದವನು ಸಾರ್ವೆಯಿಂದ ಬಿದ್ದವನು. ಬಚ್ಚಲಲ್ಲಿ ಜಾರಿದ ಭೀಮಬಾಯಿ ಎಂಬ ಮುದುಕಿ ಮಂಚದ ಅಂಚಿಗೆ ಕುಳಿತು ಕಾಲು ಆಡಿಸುತ್ತಿದ್ದಳು. ಆಮೇಲೆ ಮಲಗಿದ್ದವರ ಕಡೆ ತಿರುಗಿದರು. ಒಬ್ಬನಿಗೆ ಲಾರಿ ಗುದ್ದಿತ್ತು, ಇನ್ನೊಬ್ಬನಿಗೆ ಕಾರು, ಮತ್ತೊಬ್ಬನಿಗೆ ಮಿನಿ ಬಸ್ಸು. ಮೂಳೆ ಅದೇ, ಆಪರೇಷನ್ ಅದೇ, ಡಾಕ್ಟರೂ ಅವರೇ. ತಾವಾಗಿ ಬಿದ್ದವರೆಲ್ಲ ಎದ್ದಿದ್ದರು. ಗಾಡಿ ಗುದ್ದಿದವರೆಲ್ಲ ಮಲಗಿದ್ದರು.

"ಪಿಳ್ಳಪ್ಪನೋರೆ, ಗಾಡಿ ಗುದ್ದಿದ್ರೆ ಸಿಗೋದು, ಬಚ್ಚಲಲ್ಲಿ ಜಾರಿದ್ರೆ ಸಿಗದೇ ಇರೋದು ಏನು?"

ಪಿಳ್ಳಪ್ಪ ಯೋಚಿಸಲೂ ಇಲ್ಲ. "ಪರಿಹಾರ ಮೇಡಂ. ಇನ್ಶೂರೆನ್ಸ್ ಕ್ಲೇಮು."

ವಾರ್ಡಿನ ಕೊನೆಯಲ್ಲಿ ಪರದೆ ಎಳೆದ ಮಂಚದಲ್ಲಿ ಅಂಜಲಿ ಎಂಬ ಹುಡುಗಿ ಮಲಗಿದ್ದಳು. ಬೈಯಪ್ಪನಹಳ್ಳಿಯಲ್ಲಿ ರೂಮು ಮಾಡಿಕೊಂಡು ಇಂದಿರಾನಗರದ ಆಫೀಸಿನಲ್ಲಿ ಕೆಲಸಕ್ಕಿದ್ದವಳು, ರಸ್ತೆ ದಾಟುವಾಗ ಕಾರು ಬಡಿದು ಮೊಣಕಾಲ ಕೆಳಗಿನ ಮೂಳೆ ಮುರಿದಿತ್ತು. ಅಪ್ಪ ಈರಯ್ಯ ಧಾರವಾಡ ಕಡೆಯಿಂದ ಬಂದು ಆರು ದಿನದಿಂದ ಮಗಳ ಪಕ್ಕ ಕುಳಿತಿದ್ದ. ನೀರು ಕುಡಿಸುವುದು, ತಲೆ ಬಾಚುವುದು, ಎಲ್ಲ ಅವನೇ. ಮಗಳನ್ನು ಹೊರಳಲೂ ಬಿಟ್ಟಿರಲಿಲ್ಲ.

ಯಾಕೆ ಏಳಿಸಿಲ್ಲ ಎಂದು ಕೇಳಿದಾಗ ಆತ ಕೈಮುಗಿದ. "ಡಾಕ್ಟ್ರು ಏಳಬ್ಯಾಡ ಅಂದಾರ್ರೀ ಅಕ್ಕಾರ."

"ಯಾವ ಡಾಕ್ಟ್ರು?"

"ಬಿಳಿ ಕೋಟ್ ಹಾಕ್ಕೊಂಡು ಬರ್ತಾರಲ್ರೀ, ಸರ್ಕಾರಿ ಡಾಕ್ಟ್ರು. ಕಾಲು ಅಳತಿ ಮಾಡ್ಕೊಂಡು ಹೋದ್ರು. ಸ್ವಲ್ಪ ಕುಂಟತಾರ. ಈ ನಡಸೋ ಹುಡುಗಿ ಮಾತ ಕೇಳಬ್ಯಾಡ್ರಿ, ಕಾಲಚೀಲ ತಗೀರಿ, ಎದ್ದು ನಿಂತ್ರ ಕೇಸ್ ಹೊಕ್ಕೈತಿ ಅಂದ್ರು."

ಅಂಥ ಡಾಕ್ಟರ್ ನಮ್ಮ ಆಸ್ಪತ್ರೆಯಲ್ಲಿ ಯಾರೂ ಇಲ್ಲ ಎಂದಳು ವೈಷ್ಣವಿ. ಬಿಳಿ ಕೋಟು ತೊಟ್ಟವನನ್ನು ನಮ್ಮ ಆಸ್ಪತ್ರೆಗಳಲ್ಲಿ ಯಾರೂ ಯಾರಪ್ಪಾ ನೀನು ಎಂದು ಕೇಳುವುದಿಲ್ಲ. ಖಾಕಿ ತೊಟ್ಟವರನ್ನೂ ಕೇಳುವುದಿಲ್ಲ, ಆ ಮಾತು ಬೇರೆ.

ಅಷ್ಟರಲ್ಲಿ ವೈಷ್ಣವಿ ಅಂಜಲಿಯ ಹೊದಿಕೆ ಸರಿಸಿ ಎರಡೂ ಕಾಲು ಪಕ್ಕಪಕ್ಕ ನೋಡಿದಳು. ಪೆಟ್ಟಾದ ಕಾಲು ಊದುವುದು ಸಹಜ. ಆದರೆ ಊತ ತೊಡೆಗೂ ಹತ್ತಿತ್ತು, ಮುಟ್ಟಿದರೆ ಬಿಸಿ. ಅವಳು ಓಡಿಹೋಗಿ ಡಾಕ್ಟರನ್ನು ಕರೆತಂದಳು. ಹನ್ನೊಂದು ಗಂಟೆಗೆ ಸ್ಕ್ಯಾನ್ ಆಯಿತು. ಕಾಲಿನ ರಕ್ತನಾಳದಲ್ಲಿ ಹೆಪ್ಪು ಶುರುವಾಗಿತ್ತು, ಇನ್ನೂ ಕಳಚಿರಲಿಲ್ಲ. ಕೂಡಲೇ ದೊಡ್ಡ ಡೋಸ್ ಔಷಧಿ ಆರಂಭಿಸಿ, ಹುಡುಗಿ ಬದುಕುತ್ತಾಳೆ, ಎರಡು ದಿನ ತಡವಾಗಿದ್ದರೆ ಹೇಳಲಾಗುತ್ತಿರಲಿಲ್ಲ ಎಂದರು ಡಾಕ್ಟರು. ಈರಯ್ಯ ಗೋಡೆಗೆ ಒರಗಿ ಕುಳಿತುಬಿಟ್ಟ. ಅವನನ್ನು ನೋಡಿ ವಿಮಲಾಕ್ಷಿಯವರಿಗೆ ಕೋಪ ಬಂತು. ಆರು ದಿನ ನಿದ್ದೆಗೆಟ್ಟು ಮಗಳನ್ನು ಕಾದವನ ಕೈಯಿಂದಲೇ ಅವಳಿಗೆ ಸಾವು ತರಿಸಲು ಹೊರಟಿದ್ದ ಆ ಬಿಳಿ ಕೋಟಿನವನು.

ಮಧ್ಯಾಹ್ನ ಅವರು ಶಿವಾಜಿನಗರಕ್ಕೆ ಹೋದರು. ಬದ್ರುನ್ನೀಸಾ ಇದ್ದತ್‌ನಲ್ಲಿದ್ದಳು, ಗಂಡ ತೀರಿದ ಮೇಲೆ ಮನೆಯೊಳಗೇ ಇರಬೇಕಾದ ಅವಧಿಯಲ್ಲಿ, ಪರಗಂಡಸರು ಒಳಗೆ ಹೋಗುವಂತಿಲ್ಲ. ಪಾಷಾ ಹೊಸ್ತಿಲಾಚೆ ನಿಂತ. ವಿಮಲಾಕ್ಷಿ ಬೂಟು ಕಳಚಿಟ್ಟು ಒಳಗೆ ಹೋಗಿ ಚಾಪೆಯ ಮೇಲೆ ಕುಳಿತರು. ಪಕ್ಕದ ಮನೆಯ ಹುಸೇನಮ್ಮ ಚಹಾ ತಂದಿಟ್ಟು ಹೋದಳು.

ಬಿಳಿ ಕೋಟಿನ, ಕುಂಟುವ ಡಾಕ್ಟರ್ ನಿಮ್ಮ ಯಜಮಾನರ ಹತ್ತಿರವೂ ಬಂದಿದ್ದರಾ ಎಂದು ಕೇಳಿದರು. ಬಂದಿದ್ದರು ಎಂದಳು ಬದ್ರುನ್ನೀಸಾ. ಎರಡು ಸಲ. ಒಳ್ಳೆಯವರು, ತುಂಬ ಮರ್ಯಾದೆಯಿಂದ ಮಾತಾಡಿದರು. ದೂರಿನಲ್ಲಿ ಅವರ ಹೆಸರು ಯಾಕೆ ಹೇಳಬೇಕಿತ್ತು, ಅವರು ಸೂಜಿ ಚುಚ್ಚಿದವರಲ್ಲವಲ್ಲ. ವಿಮಲಾಕ್ಷಿ ಒಂದೊಂದಾಗಿ ಹೇಳುತ್ತ ಹೋದರು. ಗಡ್ಡೆ ಎಲ್ಲಿ ಹುಟ್ಟಿತು, ಹೇಗೆ ಮೇಲಕ್ಕೆ ಹೋಯಿತು, ಏನು ಮಾಡಿದ್ದರೆ ತಡೆಯಬಹುದಿತ್ತು. ಮಾತು ಕೊಟ್ಟಿದ್ದರಲ್ಲ, ಅರ್ಧಕ್ಕೆ ನಿಲ್ಲಿಸುವಂತಿರಲಿಲ್ಲ.

ಬದ್ರುನ್ನೀಸಾ ಚಹಾದ ಲೋಟವನ್ನು ಪಕ್ಕಕ್ಕೆ ಸರಿಸಿದಳು.

"ಹೋದ ಶುಕ್ರವಾರ ಅವರು ಎದ್ದು ಕೂತಿದ್ರು ಮೇಡಂ. ಜುಮ್ಮಾ ದಿನ, ಒಂದ್ಸಲ ನಿಂತ್ಕೊಂಡು ನೋಡ್ತೀನಿ ಅಂದ್ರು. ನಾನೇ ಭುಜ ಹಿಡಿದು ಮಲಗಿಸಿದೆ. ಚೀಲಾನೂ ನಾನೇ ಬಿಚ್ಚಿದೆ." ಆಕೆ ತನ್ನ ಅಂಗೈಗಳನ್ನು ನೋಡಿಕೊಂಡಳು. "ನಾನೇ ಕೊಂದೆನಾ?"

"ಇಲ್ಲ. ನೀವು ಡಾಕ್ಟ್ರು ಮಾತು ಕೇಳಿದ್ರಿ. ಅವನು ಡಾಕ್ಟ್ರಲ್ಲ ಅಂತ ನಿಮಗೆ ಹೇಗೆ ಗೊತ್ತಾಗ್ಬೇಕು? ನಾನಿದ್ರೂ ಹಾಗೇ ಮಾಡ್ತಿದ್ದೆ."

ಅದು ಸಮಾಧಾನಕ್ಕೆ ಹೇಳಿದ ಮಾತಾಗಿರಲಿಲ್ಲ. ನಿನ್ನೆ ಮಧ್ಯಾಹ್ನದವರೆಗೆ ತಾವೂ ಹಾಗೇ ಮಾಡುತ್ತಿದ್ದವರೇ ಎಂದು ವಿಮಲಾಕ್ಷಿಯವರಿಗೆ ಚೆನ್ನಾಗಿ ಗೊತ್ತಿತ್ತು. ಆಗ ಬದ್ರುನ್ನೀಸಾ ಅತ್ತಳು, ಎರಡು ದಿನದಲ್ಲಿ ಮೊದಲ ಸಲ. ಅಳು ನಿಂತ ಮೇಲೆ, ಆ ಸಿಸ್ಟರ್ ಮೇಲೆ ಇನ್ನು ಯಾರೂ ಕೂಗಾಡಬಾರದು ಎಂದು ಬಾಗಿಲಾಚೆಯ ಗಂಡಸರಿಗೆಲ್ಲ ಕೇಳುವ ಹಾಗೆ ಹೇಳಿದಳು.

ಈಗ ಉಳಿದದ್ದು ಆ ಬಿಳಿ ಕೋಟು. ಅವನ ಹೆಸರು ಯಾರಿಗೂ ಗೊತ್ತಿರಲಿಲ್ಲ. ಬರುವ ದಿನ ಗೊತ್ತಿಲ್ಲ, ಆದರೆ ಬರುವ ಹೊತ್ತನ್ನು ವಾರ್ಡಿನಲ್ಲಿ ಮಲಗಿದ್ದವರೆಲ್ಲ ಒಂದೇ ಹೇಳಿದ್ದರು: ಸಂಜೆ, ನೋಡಲು ಬರುವವರ ಗಡಿಬಿಡಿಯಲ್ಲಿ. ಪೊಲೀಸರು ಓಡಾಡುತ್ತಿರುವುದು ಅವನ ಕಿವಿಗೆ ಬಿದ್ದಿರಬಹುದು. ಆದರೆ ಬೆಲ್ಲ ಇಟ್ಟಲ್ಲಿ ಇರುವೆ ಬರದೆ ಇರುವುದಿಲ್ಲ ಎಂದು ವಿಮಲಾಕ್ಷಿ ಲೆಕ್ಕ ಹಾಕಿದರು. ಬೆಲ್ಲ ಯಾರಾಗಬೇಕು ಎಂದು ಠಾಣೆಯಲ್ಲಿ ಸುತ್ತ ನೋಡಿದಾಗ ಎಲ್ಲರ ಕಣ್ಣೂ ಪಿಳ್ಳಪ್ಪನ ಮೇಲೆ ನಿಂತಿತು. ವಯಸ್ಸು ಐವತ್ತೈದು, ಹೊಟ್ಟೆ ಸೊಂಪು, ನಿವೃತ್ತಿಗೆ ಮೂರು ವರ್ಷ. ಮಂಚದ ಮೇಲೆ ಮಲಗಿರುವುದೇ ಡ್ಯೂಟಿ ಎಂದಾಗ ಅವನ ಮುಖ ಅರಳಿತು.

ಶನಿವಾರ ಬೆಳಗ್ಗೆ ಮಾರಿಯಾಳನ್ನು ಮತ್ತೆ ಕೆಲಸಕ್ಕೆ ಕರೆಸಿದರು. ಆಡಳಿತದವರು ತಡಬಡಿಸಿದಾಗ, ಅಮಾನತಿಗೆ ಆಧಾರ ಏನು ಎಂದು ಬರೆದುಕೊಡಿ ಎಂದು ವಿಮಲಾಕ್ಷಿ ಕೇಳಿದ್ದೇ ಸಾಕಾಯಿತು. ಪಿಳ್ಳಪ್ಪನ ಎಡಗಾಲಿಗೆ ಬ್ಯಾಂಡೇಜು ಸುತ್ತಿ, ನಜೀರ್ ಮಲಗಿದ್ದ ಕಿಟಕಿ ಪಕ್ಕದ ಮಂಚಕ್ಕೇ ಹಾಕಿದವಳು ಅವಳೇ. ಪಾಷಾ ತಮ್ಮನ ವೇಷದಲ್ಲಿ ಕೆಳಗಿನ ಕ್ಯಾಂಟೀನಿನಲ್ಲಿ ಕುಳಿತು, ನಮ್ಮಣ್ಣಂಗೆ ನೀರಿನ ಟ್ಯಾಂಕರ್ ಗುದ್ದಿಬಿಡ್ತು ಎಂದು ಸಿಕ್ಕಿದವರ ಮುಂದೆಲ್ಲ ಗೋಳಾಡಿದ. ಅವನ ಗೋಳಿಗೆ ಕ್ಯಾಂಟೀನಿನವನು ಎರಡು ಇಡ್ಲಿ ಪುಕ್ಕಟೆ ಕೊಟ್ಟನಂತೆ. ಪಿಳ್ಳಪ್ಪನಿಗೆ ಮಾತ್ರ ಅಂದುಕೊಂಡಷ್ಟು ಸುಖ ಸಿಗಲಿಲ್ಲ. ವೈಷ್ಣವಿ, ನಾಟಕವಾದರೇನು, ಮಲಗಿರುವವರು ಮಲಗಿರುವವರೇ ಎಂದು ಗಂಟೆಗೊಮ್ಮೆ ಬಂದು ಅವನ ಪಾದ ಆಡಿಸಿ ಹೋಗುತ್ತಿದ್ದಳು.

ಶನಿವಾರ ಯಾರೂ ಬರಲಿಲ್ಲ. ಭಾನುವಾರ ಸಂಜೆ ಐದು ಗಂಟೆಯ ಸುಮಾರಿಗೆ ಮೆಟ್ಟಿಲ ಮೇಲೆ ಒಂದು ಹೆಜ್ಜೆ ಗಟ್ಟಿ, ಒಂದು ಹೆಜ್ಜೆ ಮೆತ್ತಗೆ ಕೇಳಿಸಿತು. ಪಕ್ಕದ ಮಂಚದ ಪರದೆಯ ಹಿಂದೆ ವಿಮಲಾಕ್ಷಿ ಸೀರೆಯುಟ್ಟು ಕುಳಿತಿದ್ದರು.

ಬಂದವನಿಗೆ ನಲವತ್ತೈದು ಇರಬಹುದು. ಇಸ್ತ್ರಿ ಮಾಡಿದ ಬಿಳಿ ಕೋಟು, ಜೇಬಿನಲ್ಲಿ ಟೇಪು. ಬಲಗಾಲು ಎರಡು ಬೆರಳು ಗಿಡ್ಡ. ಪಿಳ್ಳಪ್ಪನ ಕಾಲನ್ನು ಅನುಭವಸ್ಥನಂತೆ ಅಳತೆ ಮಾಡಿದ.

"ಟ್ಯಾಂಕರ್‌ಗೆ ಇನ್ಶೂರೆನ್ಸ್ ಇದೆಯಂತಾ?"

"ಇದೆಯಂತೆ ಸಾರ್."

"ಒಳ್ಳೇದಾಯ್ತು. ಎದ್ದು ನಿಲ್ಲು ಅಂತ ಆ ಹುಡುಗಿ ಹೇಳಿದ್ಲಾ?"

"ನಾಳೆಯಿಂದ ನಿಲ್ಲಿಸ್ತೀನಿ ಅಂದವ್ಳೆ ಸಾರ್."

"ನಿಲ್ಬೇಡಿ. ನೋವು ಅಂತ ಹೇಳಿ. ಚೀಲ ಕೊಟ್ರೆ ಬಿಚ್ಚಾಕಿ. ಇನ್ಶೂರೆನ್ಸ್‌ನೋರು ಎಲ್ಲಿಂದಲಾದ್ರೂ ಫೋಟೋ ಹೊಡೀತಾರೆ. ಕಾಲು ನೆಲಕ್ಕಿಟ್ರೆ ಕೇಸೂ ನೆಲಕ್ಕೆ ಬಿತ್ತು ಅಂತ ತಿಳ್ಕೊಳ್ಳಿ. ನಮ್ಮ ವಕೀಲರು ಬರ್ತಾರೆ, ಅವರು ಬರೋವರ್ಗೂ ಹಿಂಗೇ ಇರಿ."

"ಹಿಂಗೇ ಮಲಗಿದ್ರೆ ಏನೂ ಆಗಲ್ವಾ ಸಾರ್?"

ಅವನು ನಕ್ಕು ಪಿಳ್ಳಪ್ಪನ ಭುಜ ತಟ್ಟಿದ. "ಮಲಗಿದ್ರೆ ಯಾರಾದ್ರೂ ಸಾಯ್ತಾರೇನ್ರೀ?"

"ಸಾಯ್ತಾರೆ," ಎಂದು ಪರದೆ ಸರಿಸಿದರು ವಿಮಲಾಕ್ಷಿ. "ಇದೇ ಮಂಚದಲ್ಲಿ ಹೋದ ಬುಧವಾರ ಒಬ್ರು ಸತ್ರು."

ಅವನು ಬಾಗಿಲ ಕಡೆ ಎರಡು ಹೆಜ್ಜೆ ಹಾಕಿದ. ಮೂರನೆಯದಕ್ಕೆ ಮೊದಲೇ ಪಿಳ್ಳಪ್ಪ ಮಂಚದಿಂದ ಜಿಗಿದು, ಬ್ಯಾಂಡೇಜು ಬಾಲದಂತೆ ಎಳೆದುಕೊಂಡೇ ಹೋಗಿ ಕೊರಳಪಟ್ಟಿ ಹಿಡಿದಿದ್ದ. ತೊಡೆ ಮುರಿದವನು ಹೀಗೆ ಹಾರಿದ್ದನ್ನು ಕಂಡು ವಾರ್ಡಿಗೆ ವಾರ್ಡೇ ದಂಗಾಯಿತು. ಬಾಗಿಲಲ್ಲಿ ಪಾಷಾ ನಿಂತಿದ್ದ. ಕೋಟು, ಟೇಪು ಜಪ್ತಿಯಾದವು. ಬಂಧನದ ಮೆಮೋಗೆ ಪಂಚರು ಸಹಿ ಹಾಕಿದರು. ಹೆಸರು ಮುನಿಆಂಜನಪ್ಪ, ವಾಸ ಜೋಗುಪಾಳ್ಯ.

ಹೊರಡುವ ಮುಂಚೆ ವಿಮಲಾಕ್ಷಿ ವಾರ್ಡಿನ ನಡುವೆ ನಿಂತು, ಈತ ಡಾಕ್ಟರಲ್ಲ, ಇವನ ಮಾತು ಕೇಳಿದ್ದಕ್ಕೆ ಒಬ್ಬರು ಹೋದರು, ಒಬ್ಬ ಹುಡುಗಿ ಹೋಗುವುದರಲ್ಲಿ ಉಳಿದಳು ಎಂದು ಹೇಳಿದರು. ನಿಂತ ಮಾತ್ರಕ್ಕೆ ಕೇಸು ಬೀಳುವುದಿಲ್ಲ, ಮುರಿದ ಮೂಳೆಗೆ ಎಕ್ಸ್‌ರೇ ಸಾಕ್ಷಿ ಇದೆ ಎಂದೂ ಸೇರಿಸಿದರು. ಮೊದಲು ಯಾರೂ ಅಲ್ಲಾಡಲಿಲ್ಲ. ಆಮೇಲೆ ಲಾರಿ ಗುದ್ದಿದವನು ಹೊದಿಕೆ ಸರಿಸಿ ಮೆಲ್ಲಗೆ ಕಾಲು ಇಳಿಬಿಟ್ಟ. ಅವನ ಹಿಂದೆ ಕಾರಿನವನು. ಇರುವುದು ಎರಡೇ ವಾಕರ್, ಒಬ್ಬೊಬ್ಬರೇ ಏಳಿ ಎಂದು ವೈಷ್ಣವಿ ಓಡಾಡತೊಡಗಿದಳು. ಮಾರಿಯಾ ಅವಳ ಜೊತೆ ಸೇರಿದಳು.

ಠಾಣೆಯಲ್ಲಿ ಮುನಿಆಂಜನಪ್ಪನ ಸ್ವಇಚ್ಛಾ ಹೇಳಿಕೆ ದಾಖಲಾಯಿತು. ಎಫ್‌ಐಆರ್‌ಗೆ ಸೋಗು ಹಾಕಿ ವಂಚಿಸಿದ್ದಕ್ಕೆ 419 ಮತ್ತು 420 ಸೇರಿದವು, ಮಾರಿಯಾ ಸಾಕ್ಷಿಯಾದಳು. ಸಾವಿನ ಕಲಮು ಕೋರ್ಟಿನಲ್ಲಿ ನಿಲ್ಲುವುದು ಸುಲಭವಲ್ಲವೆಂದು ವಿಮಲಾಕ್ಷಿಯವರಿಗೆ ಗೊತ್ತಿತ್ತು, ಆದರೂ ತೆಗೆಯಲಿಲ್ಲ. ವಕೀಲನೊಬ್ಬ ಕೇಸಿಗಿಷ್ಟು ಎಂದು ತನಗೆ ಹಣ ಕೊಡುತ್ತಿದ್ದುದನ್ನು ಮುನಿಆಂಜನಪ್ಪ ಮುಚ್ಚಿಡಲಿಲ್ಲ. ವಕೀಲನನ್ನು ಕರೆತರಲು ಪಾಷಾ ಹೊರಟೂ ಆಗಿತ್ತು. ಆದರೆ ಬಡವರಿಗೆ ನ್ಯಾಯ ಕೊಡಿಸಿದ್ದೇನೆ ಎಂದು ಮುನಿಆಂಜನಪ್ಪ ಹೇಳಿದಾಗ ದನಿಯಲ್ಲಿ ನಾಟಕವಿರಲಿಲ್ಲ. ಅದಕ್ಕೇ ವಿಮಲಾಕ್ಷಿ ಪೆನ್ನು ಕೆಳಗಿಟ್ಟು, ಕಾಲಿಗೆ ಏನಾಗಿತ್ತು ಎಂದು ಕೇಳಿದರು.

ಹನ್ನೆರಡು ವರ್ಷದ ಹಿಂದೆ ಅವನು ಲೇತ್ ವರ್ಕ್‌ಶಾಪಿನಲ್ಲಿ ಟರ್ನರ್ ಆಗಿದ್ದ. ಸೈಕಲ್ಲಿನಲ್ಲಿ ಹೋಗುವಾಗ ಲಾರಿ ಗುದ್ದಿ ತೊಡೆ ಎರಡು ಕಡೆ ಮುರಿಯಿತು. ಆಪರೇಷನ್ ಆದ ನಾಲ್ಕನೇ ದಿನ ಹೆಂಡತಿ ಹೆಗಲು ಕೊಟ್ಟು ವರಾಂಡದಲ್ಲಿ ನಿಲ್ಲಿಸಿದಳು. ಇನ್ನು ಬದುಕಿದೆ ಅನ್ನಿಸಿ ಇಬ್ಬರೂ ನಕ್ಕರು. ಆ ಹೊತ್ತಿನಲ್ಲಿ ಯಾರೋ ಫೋಟೋ ತೆಗೆದದ್ದು ಅವರಿಗೆ ಗೊತ್ತಾಗಲಿಲ್ಲ. ಎರಡು ವರ್ಷದ ನಂತರ ಕೋರ್ಟಿನಲ್ಲಿ ಇನ್ಶೂರೆನ್ಸ್ ಕಡೆಯವರು ಅದನ್ನೇ ಎತ್ತಿ ಹಿಡಿದು, ನಾಲ್ಕನೇ ದಿನಕ್ಕೆ ನಗುತ್ತಾ ನಿಂತವನಿಗೆ ಎಂಥ ಅಂಗವೈಕಲ್ಯ ಎಂದರು. ಕೈಗೆ ಬಂದದ್ದು ವಕೀಲರ ಫೀಸಿಗೂ ಸಾಲಲಿಲ್ಲ. ಗಿಡ್ಡ ಕಾಲಿನಲ್ಲಿ ದಿನವಿಡೀ ಲೇತ್ ಮುಂದೆ ನಿಲ್ಲಲಾಗದೆ ಕೆಲಸವೂ ಹೋಯಿತು.

"ಆವತ್ತು ನಿಂತಿದ್ದೇ ತಪ್ಪಾಯ್ತು ಮೇಡಂ," ಎಂದ ಮುನಿಆಂಜನಪ್ಪ. "ಮಲಗಿದ್ದಿದ್ರೆ ಹಾಳಾಗ್ತಿರ್ಲಿಲ್ಲ. ಬೇರೆಯವರು ಹಂಗಾಗ್ಬಾರ್ದು ಅಂತ ಹೇಳ್ತಾ ಬಂದೆ."

ವಿಮಲಾಕ್ಷಿ ಬೌರಿಂಗಿನ ವೈದ್ಯರು ಹೇಳಿದ್ದನ್ನೆಲ್ಲ ಅವನಿಗೆ ಹೇಳಿದರು. ಪೆಟ್ಟು ಬಿದ್ದ ಮೈಯಲ್ಲಿ ರಕ್ತ ಗಟ್ಟಿಯಾಗುವುದು, ಮೀನಖಂಡ ಹಿಂಡುವುದು, ಎರಡನೇ ಮೂರನೇ ದಿನಕ್ಕೆ ಎಬ್ಬಿಸುವುದು ಏಕೆಂಬುದು. ಅವನು ತಲೆ ಬಗ್ಗಿಸಿ ಕೇಳಿದ.

"ನಿನಗೆ ಆ ಇಂಜೆಕ್ಷನ್ ಕೊಟ್ಟಿದ್ರಾ ಆಗ?"

"ಇಲ್ಲ ಮೇಡಂ. ಅಂಥದ್ದೊಂದಿದೆ ಅಂತ್ಲೂ ಗೊತ್ತಿಲ್ಲ."

"ಇಂಜೆಕ್ಷನ್ ಇರ್ಲಿಲ್ಲ, ಚೀಲ ಇರ್ಲಿಲ್ಲ. ನಿನ್ನ ಹೆಂಡ್ತಿ ಆವತ್ತು ಎಬ್ಬಿಸಿ ನಿಲ್ಲಿಸಿದ್ಲು ನೋಡು, ಅದಕ್ಕೇ ನೀನು ಬದುಕಿರ್ಬೇಕು."

ಮುನಿಆಂಜನಪ್ಪನ ಕೈ ತಾನಾಗಿ ಬಲ ತೊಡೆಯ ಮೇಲೆ ಹೋಯಿತು. ಹೊರಗೆ ಬೆಂಚಿನ ಮೇಲೆ, ಸುದ್ದಿ ತಿಳಿದು ಓಡಿಬಂದ ಅವನ ಹೆಂಡತಿ ಕುಳಿತಿದ್ದಳು. ಅವನು ಬಾಗಿಲ ಸಂದಿಯಿಂದ ಅವಳನ್ನು ನೋಡಿದ.

"ಹತ್ತು ವರ್ಷದಿಂದ ಅವಳನ್ನ ಬೈತಾ ಇದೀನಿ ಮೇಡಂ," ಎಂದ. "ನಿಲ್ಲಿಸಿದೆಯಲ್ಲೇ ಅಂತ."

ಇದನ್ನೂ ಬರೆಯಬೇಕೇ ಎಂದು ಪಿಳ್ಳಪ್ಪ ಕಣ್ಣಲ್ಲೇ ಕೇಳಿದ. ಬರೆಯಿರಿ ಎಂದರು ವಿಮಲಾಕ್ಷಿ.